ಇಪ್ಪತ್ತು ನಿಮಿಷದೊಳಗೆ ಅರವತ್ತು ನಿಮಿಷದ ಕೆಲಸ

ಸತ್ವಯುತ ಆಹಾರ, 37 ಡಿಗ್ರಿ ಸೆಲ್ಸಿಯಸ್ ಶಾಖ, ಬೇಕಾದಷ್ಟು ಗಾಳಿ. ಇಷ್ಟು ಸಿಕ್ಕರೆ ಇ. ಕೋಲಿ ಬ್ಯಾಕ್ಟೀರಿಯಾ 20 ನಿಮಿಷಕ್ಕೊಮ್ಮೆ ಒಂದು ಎರಡಾಗುತ್ತದೆ. ಶಾಲೆಯ ಪುಸ್ತಕದಲ್ಲೂ ಇರುವ ಸಂಗತಿ ಇದು. ಒಂದು ಎರಡಾಗಿ, ಎರಡು ನಾಲ್ಕಾಗಿ, ಬೆಳಗಾಗುವಷ್ಟರಲ್ಲಿ ಕೋಟಿಗಳನ್ನು ದಾಟುವ ಲೆಕ್ಕವನ್ನು ಮೇಷ್ಟ್ರು ಮಕ್ಕಳಿಂದ ಮಾಡಿಸುವುದೂ ಉಂಟು. ಆದರೆ ಆ ಪುಸ್ತಕದಲ್ಲಿ ಸಾಮಾನ್ಯವಾಗಿ ಇರದ ಇನ್ನೊಂದು ಲೆಕ್ಕವಿದೆ. ಅದನ್ನು ಮಾಡಿ ನೋಡಿದರೆ ಈ 20 ನಿಮಿಷ ಆಗಹೋಗದ ಮಾತು ಅನ್ನಿಸುತ್ತದೆ.

ಎರಡಾಗುವ ಮುನ್ನ ಕೋಶ ತನ್ನ ಡಿಎನ್‌ಎಯನ್ನು ನಕಲು ಮಾಡಿಕೊಳ್ಳಬೇಕು. ಎರಡು ಮರಿಕೋಶಗಳಿಗೂ ಒಂದೊಂದು ಪೂರ್ಣ ಪ್ರತಿ ಬೇಕಲ್ಲ. ಇ. ಕೋಲಿಯ ಡಿಎನ್‌ಎ ಸುಮಾರು 46 ಲಕ್ಷ ಅಕ್ಷರಜೋಡಿಗಳ ಒಂದೇ ಒಂದು ಉಂಗುರ. ಕತ್ತರಿಸಿ ನೀಟಾಗಿ ಎಳೆದರೆ ಒಂದೂವರೆ ಮಿಲಿಮೀಟರ್ ಆಗುತ್ತದೆ. ಅದನ್ನು ಹೊಟ್ಟೆಯೊಳಗೆ ಮಡಚಿಟ್ಟುಕೊಂಡಿರುವ ಕೋಶದ ಉದ್ದವೋ, ಮಿಲಿಮೀಟರಿನ ಸಾವಿರ ಪಾಲಿನಲ್ಲಿ ಎರಡೋ ಮೂರೋ ಪಾಲು. ಅದು ಉಂಗುರವೆಂಬುದನ್ನು ಮೊದಲು ಕಣ್ಣಿಗೆ ಕಾಣಿಸಿದವರು ಜಾನ್ ಕೇರ್ನ್ಸ್. 1963ರಲ್ಲಿ ಅವರು ಡಿಎನ್‌ಎಗೆ ವಿಕಿರಣ ಸೂಸುವ ಹೈಡ್ರೋಜನ್ ಸೇರಿಸಿ, ಛಾಯಾಚಿತ್ರದ ಎಮಲ್ಷನ್ ಮೇಲೆ ವಾರಗಟ್ಟಲೆ ಅದರ ಗುರುತು ಬೀಳಲು ಬಿಟ್ಟು ಚಿತ್ರ ತೆಗೆದರು.

ನಕಲು ಶುರುವಾಗುವುದು ಉಂಗುರದ ಒಂದು ಗೊತ್ತಾದ ಜಾಗದಲ್ಲಿ. ಅಲ್ಲಿಂದ ಎರಡು ನಕಲು ಯಂತ್ರಗಳು ಎಡಕ್ಕೊಂದು ಬಲಕ್ಕೊಂದು ಹೊರಟು ಎದುರು ಬದಿಯಲ್ಲಿ ಸಂಧಿಸುತ್ತವೆ. ಒಂದೊಂದರ ಪಾಲಿಗೆ 23 ಲಕ್ಷ ಅಕ್ಷರ, ವೇಗ ಸೆಕೆಂಡಿಗೆ ಸುಮಾರು 1000. ಭಾಗಿಸಿದರೆ 2300 ಸೆಕೆಂಡು, ಅಂದರೆ ಹತ್ತಿರ ಹತ್ತಿರ 40 ನಿಮಿಷ. ನಕಲು ಮುಗಿದ ಕೂಡಲೇ ಕೋಶ ಸೀಳುವುದೂ ಇಲ್ಲ. ಎರಡು ಪ್ರತಿಗಳು ದೂರ ಸರಿಯಬೇಕು, ನಡುವೆ ಗೋಡೆ ಏಳಬೇಕು. ಅದಕ್ಕೆ ಇನ್ನೊಂದು 20 ನಿಮಿಷ. ಕೂಡಿಸಿದರೆ ಒಂದು ಗಂಟೆಯ ಕೆಲಸ. ಒಂದು ಗಂಟೆ ಹಿಡಿಯುವ ಕೆಲಸವನ್ನು ಮಾಡಿ ಮುಗಿಸದೆ ಎರಡಾಗುವ ಹಾಗಿಲ್ಲ, ಆದರೂ 20 ನಿಮಿಷಕ್ಕೊಮ್ಮೆ ಎರಡಾಗುತ್ತಿದೆ. ಎಲ್ಲೋ ಏನೋ ತಪ್ಪಿದೆ, ಇಲ್ಲವೇ ನಾವು ಪ್ರಶ್ನೆಯನ್ನೇ ತಪ್ಪಾಗಿ ಹಾಕಿಕೊಂಡಿದ್ದೇವೆ.

ಈ ಗಂಟು ಬಿಡಿಸಿದ ಕಥೆ ಡಿಎನ್‌ಎಯಿಂದ ಶುರುವಾಗುವುದಿಲ್ಲ. ಶುರುವಾಗುವುದು ಕೋಶದ ಗಾತ್ರದಿಂದ, ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ.

1950ರ ದಶಕದಲ್ಲಿ ಅಲ್ಲಿ ಓಲೆ ಮಾಲೋ ಎಂಬ ವಿಜ್ಞಾನಿಯ ಸುತ್ತ ಒಂದು ಗುಂಪು ಸೇರಿತ್ತು. ಅಣುಜೀವಶಾಸ್ತ್ರದ ಉಳಿದ ಪ್ರಪಂಚ ಡಿಎನ್‌ಎ, ವೈರಸ್ಸು, ಜೀನ್ ಸಂಕೇತ ಎಂದು ಬೆನ್ನಟ್ಟಿ ಓಡುತ್ತಿದ್ದಾಗ ಇವರು ಕೇಳುತ್ತಿದ್ದ ಪ್ರಶ್ನೆ ತೀರಾ ಸಪ್ಪೆ: ಬ್ಯಾಕ್ಟೀರಿಯಾ ಬೆಳೆಯುವಾಗ ಅದರಲ್ಲಿ ಏನೇನು ಎಷ್ಟೆಷ್ಟು ಇರುತ್ತದೆ? ಮಾಲೋ ಹಟ ಹಿಡಿದದ್ದು ಒಂದು ಶಿಸ್ತಿಗೆ. ಫ್ಲಾಸ್ಕಿನಲ್ಲಿ ಒಮ್ಮೆ ಬಿತ್ತಿ ಬಿಟ್ಟ ಬ್ಯಾಕ್ಟೀರಿಯಾ ಮೊದಲು ನಿಧಾನವಾಗಿ, ಆಮೇಲೆ ವೇಗವಾಗಿ ಬೆಳೆದು, ಕೊನೆಗೆ ಆಹಾರ ತೀರಿ ನಿಂತುಬಿಡುತ್ತದೆ. ಗಳಿಗೆಗೊಂದು ಬಗೆಯಾಗುವ ಅಂಥ ಕೋಶಗಳನ್ನು ಅಳೆದು ಏನೂ ತಿಳಿಯುವುದಿಲ್ಲ ಎಂದು ಅವರ ವಾದ. ಆದ್ದರಿಂದ ದ್ರವ ದಟ್ಟವಾಗುವ ಮುನ್ನವೇ ಮತ್ತೆ ಮತ್ತೆ ಹೊಸ ಪೋಷಕ ದ್ರವ ಸುರಿದು ತೆಳುಮಾಡುತ್ತ, ಬೆಳವಣಿಗೆಯ ವೇಗ ಒಂದಿಷ್ಟೂ ಏರುಪೇರಾಗದ ಸ್ಥಿತಿಯಲ್ಲಿ ಇಟ್ಟು, ಆಮೇಲೆ ಅಳತೆ ಮಾಡಬೇಕು. ಬೇಸರ ಬರಿಸುವ ಕೆಲಸ. ನನ್ನನ್ನು ಕೇಳಿದರೆ ಇಪ್ಪತ್ತನೆಯ ಶತಮಾನದ ಜೀವವಿಜ್ಞಾನದ ಅತ್ಯಂತ ಫಲವತ್ತಾದ ಬೇಸರ ಇದೇ.

ಇಟಲಿಯಲ್ಲಿ ಹುಟ್ಟಿ, ಈಕ್ವೆಡಾರ್‌ನಲ್ಲಿ ಬೆಳೆದು, ಅಮೆರಿಕದಿಂದ ಬಂದಿದ್ದ ಮೊಸೆಲಿಯೊ ಶೆಕ್ಟರ್, ಮಾಲೋ, ನೀಲ್ಸ್ ಓಲೆ ಕೆಲ್ಗೋರ್ ಮೂವರೂ ಸೇರಿ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾವನ್ನು ಬಗೆಬಗೆಯ ಆಹಾರದಲ್ಲಿ ಬೆಳೆಸಿದರು. ಕೆಲವು ಮಾಂಸದ ಸಾರಿನಂಥ ಭೂರಿ ಭೋಜನ, ಕೆಲವು ಬರಿಯ ಸಕ್ಕರೆ ಮತ್ತು ಉಪ್ಪು, ಇನ್ನು ಕೆಲವು ಬದುಕಿಸಿದರೆ ಸಾಕು ಎನ್ನುವಂಥವು. ಪ್ರತಿಯೊಂದರಲ್ಲೂ ಕೋಶಗಳ ಸಂಖ್ಯೆ, ಒಟ್ಟು ದ್ರವ್ಯರಾಶಿ, ಡಿಎನ್‌ಎ, ಆರ್‌ಎನ್‌ಎ ಅಳೆದರು. 1958ರಲ್ಲಿ ಪ್ರಕಟವಾದ ಫಲಿತಾಂಶ ಇಷ್ಟೇ: ಬೇಗ ಬೆಳೆಯುವ ಕೋಶಗಳು ದೊಡ್ಡವು, ನಿಧಾನವಾಗಿ ಬೆಳೆಯುವವು ಚಿಕ್ಕವು. ಇದರಲ್ಲೇನು, ಚೆನ್ನಾಗಿ ತಿಂದವರು ದಪ್ಪಗಾಗುತ್ತಾರೆ ಅನ್ನಿಸಬಹುದು. ಹಾಗಲ್ಲ. ತಿಂದದ್ದು ಏನು ಎಂಬುದು ಮುಖ್ಯವಾಗಲೇ ಇಲ್ಲ. ಎರಡು ತೀರಾ ಬೇರೆ ಆಹಾರಗಳು ಒಂದೇ ವೇಗದ ಬೆಳವಣಿಗೆ ಕೊಟ್ಟರೆ ಕೋಶಗಳ ಗಾತ್ರವೂ ಒಂದೇ, ಒಳಗಿನ ಡಿಎನ್‌ಎ, ಆರ್‌ಎನ್‌ಎ ಪ್ರಮಾಣವೂ ಒಂದೇ. ಅಷ್ಟೇ ಅಲ್ಲ, ಗಾತ್ರದ ಲಾಗರಿದಮ್ಮನ್ನು ವೇಗದ ಎದುರು ಗುರುತಿಸಿದರೆ ಚುಕ್ಕೆಗಳೆಲ್ಲ ಒಂದು ನೇರ ಗೆರೆಯ ಮೇಲೆ ಕೂತವು. ಅದೇ ಆಹಾರದಲ್ಲಿ ಶಾಖವನ್ನು ಇಳಿಸಿ ಬೆಳವಣಿಗೆಯನ್ನು ತಗ್ಗಿಸಿದರೆ ಮಾತ್ರ ಗಾತ್ರ ಹೆಚ್ಚುಕಡಿಮೆ ಕದಲಲಿಲ್ಲ.

ಜೀವವಿಜ್ಞಾನದಲ್ಲಿ ನೇರ ಗೆರೆ ಸಿಗುವುದು ಅಪರೂಪ. ಸಿಕ್ಕಿತೆಂದರೆ ಅದರ ಹಿಂದೆ ಯಾವುದೋ ಸರಳ ಲೆಕ್ಕ ಅಡಗಿದೆ ಎಂದು ಅರ್ಥ. ಕೋಪನ್‌ಹೇಗನ್ನಿನವರಿಗೆ ಗೆರೆ ಸಿಕ್ಕಿತು, ಲೆಕ್ಕ ಸಿಗಲಿಲ್ಲ.

ಅವರು ಮಾಡಿದ ಇನ್ನೊಂದು ಪ್ರಯೋಗ ಇನ್ನೂ ವಿಚಿತ್ರ. ಬಡ ಆಹಾರದಲ್ಲಿ ನಿಧಾನವಾಗಿ ಬೆಳೆಯುತ್ತಿದ್ದ ಕೋಶಗಳಿಗೆ ಇದ್ದಕ್ಕಿದ್ದಂತೆ ಸಮೃದ್ಧ ಆಹಾರ ಕೊಟ್ಟರು. ಆರ್‌ಎನ್‌ಎ ತಯಾರಿ ತಕ್ಷಣವೇ ಹೊಸ ವೇಗಕ್ಕೆ ಜಿಗಿಯಿತು. ಸ್ವಲ್ಪದರಲ್ಲೇ ಒಟ್ಟು ದ್ರವ್ಯರಾಶಿಯೂ ಅದನ್ನು ಹಿಂಬಾಲಿಸಿತು. ಡಿಎನ್‌ಎ ತುಸು ತಡಮಾಡಿತು. ಆದರೆ ಕೋಶಗಳು ಸೀಳುವ ವೇಗ? ಅದು ಹಳೆಯ ಮಂದಗತಿಯಲ್ಲೇ ಒಂದು ಗಂಟೆಗೂ ಮೇಲ್ಪಟ್ಟು ನಡೆದು, ಆಮೇಲೆ ಒಮ್ಮೆಗೇ ಹೊಸ ವೇಗಕ್ಕೆ ಹಾರಿತು. ಊಟ ಬದಲಾದ ಸುದ್ದಿ ಸೀಳುವ ಯಂತ್ರಕ್ಕೆ ಒಂದು ಗಂಟೆ ತಡವಾಗಿ ಮುಟ್ಟಿದ ಹಾಗೆ. ಆ ಒಂದು ಗಂಟೆಯನ್ನು ನೆನಪಿಡಿ.

ನಡುವೆ ಆರ್‌ಎನ್‌ಎಯ ಅವಸರದ ಬಗ್ಗೆ ಎರಡು ಮಾತು. ಬ್ಯಾಕ್ಟೀರಿಯಾದ ಆರ್‌ಎನ್‌ಎಯಲ್ಲಿ ಬಹುಪಾಲು ಇರುವುದು ರೈಬೋಸೋಮುಗಳಲ್ಲಿ, ಅಂದರೆ ಪ್ರೋಟೀನ್ ತಯಾರಿಸುವ ಯಂತ್ರಗಳಲ್ಲಿ. ಬೇಗ ಬೆಳೆಯಬೇಕಾದರೆ ಪ್ರೋಟೀನ್ ಬೇಗ ಬೇಕು, ಅದಕ್ಕೆ ರೈಬೋಸೋಮುಗಳು ಹೆಚ್ಚು ಬೇಕು. 24 ನಿಮಿಷಕ್ಕೊಮ್ಮೆ ಎರಡಾಗುವ ಇ. ಕೋಲಿಯಲ್ಲಿ ಸುಮಾರು 70,000 ರೈಬೋಸೋಮುಗಳಿರುತ್ತವೆ. 100 ನಿಮಿಷ ತೆಗೆದುಕೊಳ್ಳುವ ಕೋಶದಲ್ಲಿ ಸುಮಾರು 7,000. ಎಷ್ಟು ಬೇಕೆಂದು ತೀರ್ಮಾನಿಸುವಲ್ಲಿ ಪಿಪಿ-ಜಿಪಿಪಿ ಎಂಬ ಪುಟ್ಟ ಅಣುವಿನ ಪಾತ್ರ ದೊಡ್ಡದು. ಮೈಕೆಲ್ ಕ್ಯಾಶೆಲ್ ಮತ್ತು ಜೊನಾಥನ್ ಗ್ಯಾಲಂಟ್ 1969ರಲ್ಲಿ, ಅಮೈನೋ ಆಮ್ಲವಿಲ್ಲದೆ ಹಸಿದ ಬ್ಯಾಕ್ಟೀರಿಯಾದ ಅಣುಗಳನ್ನು ಬೇರ್ಪಡಿಸಿ ತೆಗೆದ ಚಿತ್ರದಲ್ಲಿ ಇದ್ದಕ್ಕಿದ್ದಂತೆ ಕಾಣಿಸಿಕೊಂಡ ಕಪ್ಪು ಚುಕ್ಕೆಯಾಗಿ ಇದನ್ನು ಕಂಡರು. ಎಲ್ಲಿಂದಲೋ ಉದ್ಭವಿಸಿದಂತಿದ್ದ ಅದಕ್ಕೆ ‘ಮಾಯಾ ಚುಕ್ಕೆ’ ಎಂದೇ ಹೆಸರು ಬಿತ್ತು. ಹಸಿವಾದರೆ ಈ ಅಣು ಹೆಚ್ಚುತ್ತದೆ, ಹೊಸ ರೈಬೋಸೋಮಿನ ತಯಾರಿ ನಿಲ್ಲುತ್ತದೆ. ಬೆಳವಣಿಗೆಯ ವೇಗ ನಿಗದಿಯಾಗುವುದು ಹೀಗೆ. ಆದರೆ ಆ ವೇಗಕ್ಕೂ ಕೋಶದ ಗಾತ್ರಕ್ಕೂ ಗಂಟು ಹಾಕಿದ್ದು ಯಾರು?

ಉತ್ತರದ ಮೊದಲ ಅರ್ಧ ಸಿಕ್ಕಿದ್ದು ಅಮೆರಿಕದ ಬಫಲೋ ನಗರದಲ್ಲಿ. ಅಲ್ಲಿ ಚಾರ್ಲ್ಸ್ ಹೆಲ್ಮ್‌ಸ್ಟೆಟರ್ ಮತ್ತು ಸ್ಟೀಫನ್ ಕೂಪರ್ ಅವರಿಗೆ ತಿಳಿಯಬೇಕಿದ್ದದ್ದು ಕೋಶ ತನ್ನ ಬಾಳಿನ ಯಾವ ನಿಮಿಷದಲ್ಲಿ ಡಿಎನ್‌ಎ ನಕಲು ಮಾಡುತ್ತದೆ ಎಂಬುದು. ಒಂದು ತೊಟ್ಟು ದ್ರವದಲ್ಲಿ ಈಗಷ್ಟೇ ಹುಟ್ಟಿದವು, ಮಧ್ಯವಯಸ್ಸಿನವು, ಇನ್ನೇನು ಸೀಳಲಿರುವವು ಎಲ್ಲ ಕಲಸಿಕೊಂಡಿರುತ್ತವೆ. ಒಂದೇ ವಯಸ್ಸಿನವನ್ನು ಬೇರ್ಪಡಿಸಲು ಶೀತಕ್ಕೆ ಒಡ್ಡುವುದು, ಹಸಿವಿನಲ್ಲಿ ಇಡುವುದು ಮುಂತಾದ ಉಪಾಯಗಳಿದ್ದವು. ಅವೆಲ್ಲ ಕೋಶವನ್ನು ಗಾಸಿಗೊಳಿಸಿ ಉತ್ತರ ಕೇಳುವ ವಿಧಾನಗಳು. ಹೆಲ್ಮ್‌ಸ್ಟೆಟರ್ ಕಂಡುಹಿಡಿದ ಉಪಾಯ ಎಷ್ಟು ಸರಳವೆಂದರೆ ಇದು ಯಾಕೆ ಯಾರಿಗೂ ಹೊಳೆದಿರಲಿಲ್ಲ ಅನ್ನಿಸುತ್ತದೆ. ಕೋಶಗಳನ್ನು ಒಂದು ಸೋಸುಹಾಳೆಗೆ ಅಂಟಿಸಿ, ಹಾಳೆಯನ್ನು ತಲೆಕೆಳಗು ಮಾಡಿ, ಮೇಲಿನಿಂದ ಬೆಚ್ಚಗಿನ ಪೋಷಕ ದ್ರವ ಹರಿಸುತ್ತಿರುವುದು. ಅಂಟಿಕೊಂಡ ಕೋಶ ಎರಡಾದಾಗ ಒಂದು ಮರಿ ಹಾಳೆಗೇ ಅಂಟಿ ಉಳಿಯುತ್ತದೆ, ಇನ್ನೊಂದು ಕಳಚಿ ಕೆಳಗಿನ ಕೊಳವೆಗೆ ಬೀಳುತ್ತದೆ. ಬೀಳುವವೆಲ್ಲ ಆಗ ತಾನೇ ಹುಟ್ಟಿದವು. ಪ್ರಯೋಗಾಲಯದವರ ಬಾಯಲ್ಲಿ ಇದು ‘ಬೇಬಿ ಮಶೀನ್’ ಆಯಿತು.

ಇದರ ಜಾಣತನ ಇರುವುದು ಮುಂದಿನ ಹೆಜ್ಜೆಯಲ್ಲಿ. ಹಾಳೆಗೆ ಅಂಟಿಸುವ ಮುನ್ನ ಕೋಶಗಳಿಗೆ ಸ್ವಲ್ಪ ಹೊತ್ತು, ಡಿಎನ್‌ಎ ಕಟ್ಟಲು ಬೇಕಾದ ಥೈಮಿಡಿನ್ ಅನ್ನು ವಿಕಿರಣ ಸೂಸುವ ರೂಪದಲ್ಲಿ ಕೊಟ್ಟರು. ಆ ಗಳಿಗೆಯಲ್ಲಿ ಡಿಎನ್‌ಎ ನಕಲಿಸುತ್ತಿದ್ದವು ಅದನ್ನು ಹೀರಿಕೊಂಡವು. ಒಟ್ಟಿಗೆ ಹೆಚ್ಚು ಜಾಗಗಳಲ್ಲಿ ನಕಲಿಸುತ್ತಿದ್ದವು ಹೆಚ್ಚು ಹೀರಿದವು. ಆಮೇಲೆ ಹಾಳೆಯಿಂದ ಮೊದಲು ಉದುರುವ ಮರಿಗಳ ತಾಯಂದಿರು ಆ ಗಳಿಗೆಯಲ್ಲಿ ಸೀಳುವ ಅಂಚಿನಲ್ಲಿದ್ದವು, ಕೊನೆಗೆ ಉದುರುವವುಗಳ ತಾಯಂದಿರು ಆಗಷ್ಟೇ ಹುಟ್ಟಿದ್ದವು. ಮರಿಗಳನ್ನು ಸರದಿಯಂತೆ ಹಿಡಿದು ವಿಕಿರಣ ಎಣಿಸುತ್ತ ಹೋದರೆ ತಾಯಿಯ ಬದುಕನ್ನು ಹಿಮ್ಮುಖವಾಗಿ ಓದಿದಂತಾಗುತ್ತದೆ.

1968ರಲ್ಲಿ ಅವರು ಕೊಟ್ಟ ಉತ್ತರ ಇದು. 20 ನಿಮಿಷಕ್ಕೊಮ್ಮೆ ಎರಡಾಗುವ ಕೋಶವಿರಲಿ, 60 ನಿಮಿಷಕ್ಕೊಮ್ಮೆ ಎರಡಾಗುವ ಕೋಶವಿರಲಿ, ನಕಲಿಗೆ ಸುಮಾರು 40 ನಿಮಿಷ, ನಕಲು ಮುಗಿದು ಸೀಳುವವರೆಗೆ ಸುಮಾರು 20 ನಿಮಿಷ. ಅವಸರದಲ್ಲಿರುವ ಕೋಶ ನಕಲಿನ ವೇಗವನ್ನು ಹೆಚ್ಚಿಸುವುದಿಲ್ಲ. ಹಿಂದಿನ ನಕಲು ಮುಗಿಯುವ ಮುನ್ನವೇ ಮುಂದಿನದನ್ನು ಶುರುಮಾಡುತ್ತದೆ.

ದೋಸೆ ಹೋಟೆಲಿನಲ್ಲಿ ಕೂತು ಹೇಳಿದ ಐದು ನಿಮಿಷಕ್ಕೆ ದೋಸೆ ಬರುತ್ತದೆ. ಅಕ್ಕಿ ಉದ್ದು ನೆನೆಯಲು, ರುಬ್ಬಲು, ಹಿಟ್ಟು ಹುದುಗಲು ಒಂದು ದಿನ ಬೇಕೆಂಬುದು ನಮಗೂ ಗೊತ್ತು, ಆದರೂ ಯಾರೂ ಬೆರಗಾಗುವುದಿಲ್ಲ. ಇವತ್ತಿನ ದೋಸೆ ನಿನ್ನೆಯ ಹಿಟ್ಟಿನದು, ನಾಳೆಯದು ಈಗ ಹಿಂದಿನ ಕೋಣೆಯಲ್ಲಿ ರುಬ್ಬುತ್ತಿದೆ. ಇ. ಕೋಲಿ ಮಾಡುವುದೂ ಅದನ್ನೇ. ವ್ಯತ್ಯಾಸವೆಂದರೆ ಎಲ್ಲ ಸರದಿಯ ಕೆಲಸವೂ ಒಂದೇ ಉಂಗುರದ ಮೇಲೆ ನಡೆಯುತ್ತದೆ. ಮೊದಲ ಜೋಡಿ ನಕಲು ಯಂತ್ರಗಳು ಅರ್ಧ ದಾರಿಯಲ್ಲಿರುವಾಗಲೇ, ಅವು ಬಿಟ್ಟುಹೋದ ಎರಡು ಹೊಸ ಆರಂಭಸ್ಥಾನಗಳಿಂದ ಇನ್ನೆರಡು ಜೋಡಿಗಳು ಹೊರಡುತ್ತವೆ. ಕವಲೊಳಗೆ ಕವಲು. 20 ನಿಮಿಷಕ್ಕೊಮ್ಮೆ ಎರಡಾಗುವ ಕೋಶದಲ್ಲಿ ಒಂದೊಂದು ಹೊತ್ತಿಗೆ 8 ಆರಂಭಸ್ಥಾನಗಳಿರುತ್ತವೆ. ಅದು ಹುಟ್ಟಿದ ಗಳಿಗೆಯಲ್ಲಿ ಶುರುಮಾಡುವ ನಕಲು ಅದರ ಉಪಯೋಗಕ್ಕಲ್ಲ, ಅದರ ಮಕ್ಕಳ ಉಪಯೋಗಕ್ಕೂ ಅಲ್ಲ. 60 ನಿಮಿಷ ಕಳೆದು ಮೊಮ್ಮಕ್ಕಳು ಸೀಳುವಾಗ ಆ ಪ್ರತಿಗಳು ಮರಿಮಕ್ಕಳ ಪಾಲಿಗೆ ಬರುತ್ತವೆ. ಹುಟ್ಟುವ ಕೂಸು ಬಸುರಿಯಾಗಿಯೇ ಹುಟ್ಟುತ್ತದೆ ಅನ್ನಿ.

ಕೋಪನ್‌ಹೇಗನ್ನಿನ ಆ ಒಂದು ಗಂಟೆಯ ತಡ ಈಗ ಅರ್ಥವಾಗುತ್ತದೆ. ಆಹಾರ ಬದಲಾದ ಗಳಿಗೆಯಲ್ಲಿ ಮುಂದಿನ 60 ನಿಮಿಷದ ಸೀಳುವಿಕೆಗಳೆಲ್ಲ ಆಗಲೇ ನಿಗದಿಯಾಗಿದ್ದವು. ಅವುಗಳಿಗೆ ಬೇಕಾದ ನಕಲುಗಳು ಹಳೆಯ ಮಂದಗತಿಯಲ್ಲಿ ಶುರುವಾಗಿ ದಾರಿಯಲ್ಲಿದ್ದವು. ಹೊಸ ಆಹಾರ ಬದಲಿಸಬಹುದಾಗಿದ್ದದ್ದು ಆಮೇಲಿನ ಆರಂಭಗಳನ್ನು ಮಾತ್ರ.

ಹಾಗಾದರೆ ಆರಂಭದ ಗಳಿಗೆಯನ್ನು ನಿರ್ಧರಿಸುವುದು ಏನು? ಅದೇ 1968ರಲ್ಲಿ ವಿಲಿಯಂ ಡೊನಾಕಿ ಹೊಸ ಪ್ರಯೋಗವನ್ನೇನೂ ಮಾಡದೆ, ಕೋಪನ್‌ಹೇಗನ್ನಿನ ಗಾತ್ರದ ಗೆರೆಯನ್ನೂ ಬಫಲೋದ ನಿಮಿಷಗಳನ್ನೂ ಪಕ್ಕಪಕ್ಕ ಇಟ್ಟು ಲೆಕ್ಕ ಹಾಕಿದರು. ನಕಲು ಶುರುವಾಗುವ ಕ್ಷಣದಲ್ಲಿ ಕೋಶದ ದ್ರವ್ಯರಾಶಿಯನ್ನು ಅದರಲ್ಲಿರುವ ಆರಂಭಸ್ಥಾನಗಳ ಸಂಖ್ಯೆಯಿಂದ ಭಾಗಿಸಿದರೆ ಬರುವ ಸಂಖ್ಯೆ ಬೆಳವಣಿಗೆಯ ವೇಗ ಎಷ್ಟೇ ಇದ್ದರೂ ಒಂದೇ! ಪ್ರತಿ ಆರಂಭಸ್ಥಾನಕ್ಕೂ ಇಷ್ಟು ಮೈ ಎಂದು ಗೊತ್ತಾದ ಒಂದು ಪ್ರಮಾಣವಿದೆ, ಅದು ತುಂಬಿದಾಗ ನಕಲು ಶುರುವಾಗುತ್ತದೆ.

ಈಗ ನೇರ ಗೆರೆಯ ಹಿಂದಿನ ಲೆಕ್ಕ ತಾನಾಗಿ ಬಿಚ್ಚಿಕೊಳ್ಳುತ್ತದೆ. ಶುರುವಾದ ಮೇಲೆ ಸೀಳುವವರೆಗೆ 60 ನಿಮಿಷ ಖಚಿತ. ಆ 60 ನಿಮಿಷ ಕೋಶ ಸುಮ್ಮನಿರುವುದಿಲ್ಲ, ಬೆಳೆಯುತ್ತಲೇ ಇರುತ್ತದೆ. 60 ನಿಮಿಷಕ್ಕೊಮ್ಮೆ ಇಮ್ಮಡಿಯಾಗುವ ಕೋಶ ಅಷ್ಟರಲ್ಲಿ 2 ಪಟ್ಟು ಬೆಳೆಯುತ್ತದೆ. 30 ನಿಮಿಷದ್ದು 4 ಪಟ್ಟು, 20 ನಿಮಿಷದ್ದು 8 ಪಟ್ಟು. ಆದ್ದರಿಂದ 20 ನಿಮಿಷದ ಕೋಶ 60 ನಿಮಿಷದ ಕೋಶಕ್ಕಿಂತ ನಾಲ್ಕು ಪಟ್ಟು ದಪ್ಪ. ದಪ್ಪಗಾಗಬೇಕೆಂದು ಅದು ಆದದ್ದಲ್ಲ. ಕಾಯುವ ಹೊತ್ತು ಎಲ್ಲರಿಗೂ ಒಂದೇ, ಆ ಹೊತ್ತಿನಲ್ಲಿ ಬೆಳೆದದ್ದು ಹೆಚ್ಚು. ಹತ್ತು ವರ್ಷ ಸುಮ್ಮನೆ ಕೂತಿದ್ದ ಗ್ರಾಫಿನ ಗೆರೆಯನ್ನು ಇಷ್ಟು ಚಿಕ್ಕ ಗುಣಾಕಾರ ವಿವರಿಸುತ್ತದೆಂದರೆ ಕೊಂಚ ನಾಚಿಕೆಯಾಗುವಷ್ಟು ಸುಲಭ.

ಅಣುಗಳ ಹೆಸರು ಹಿಡಿದು ಹೇಳಲು ಇನ್ನೂ ದಶಕಗಳು ಬೇಕಾದವು. ನಕಲನ್ನು ಶುರುಮಾಡಿಸುವ ಪ್ರೋಟೀನ್ ಡಿಎನ್ಎ-ಎ. ಕೋಶದ ಶಕ್ತಿಯ ನಾಣ್ಯವಾದ ಎಟಿಪಿಯನ್ನು ಕಚ್ಚಿಕೊಂಡಿರುವಾಗ ಇದು ಚುರುಕು. ಹಾಗೆ ಚುರುಕಾಗಿರುವ ಹಲವು ಅಣುಗಳು ಆರಂಭಸ್ಥಾನದಲ್ಲಿ ಗುಂಪುಗೂಡಿದರೆ ಅಲ್ಲಿನ ಜೋಡಿ ಎಳೆಗಳು ಬಿಚ್ಚಿಕೊಳ್ಳುತ್ತವೆ, ನಕಲು ಯಂತ್ರ ಒಳನುಗ್ಗುತ್ತದೆ. ಕೋಶ ಬೆಳೆದಂತೆ ಈ ಪ್ರೋಟೀನೂ ಶೇಖರವಾಗುತ್ತ ಹೋಗುವುದರಿಂದ, ಮೈ ಇಷ್ಟು ತುಂಬಿದೆ ಎಂಬುದಕ್ಕೆ ಅದೊಂದು ಲೆಕ್ಕದ ಗುರುತಾಗಬಲ್ಲದು. ಕಷ್ಟ ಬರುವುದು ಶುರುವಾದ ಮರುಕ್ಷಣ. ಈಗ ಆರಂಭಸ್ಥಾನಗಳು ಎರಡಾಗಿವೆ, ಸುತ್ತಲೂ ಚುರುಕಾದ ಡಿಎನ್ಎ-ಎ ತುಂಬಿದೆ. ತಕ್ಷಣವೇ ಮತ್ತೆ ಶುರುವಾಗಿಬಿಟ್ಟರೆ? ಅದನ್ನು ತಡೆಯಲು ಎರಡು ಮೂರು ಬೀಗಗಳಿವೆ. ಸೀಕ್-ಎ ಎಂಬ ಪ್ರೋಟೀನ್ ಹೊಸದಾಗಿ ನಕಲಾದ ಆರಂಭಸ್ಥಾನಗಳನ್ನು ಸ್ವಲ್ಪ ಹೊತ್ತು ಮುಚ್ಚಿ ಕೂರುತ್ತದೆ. ಹೊಸ ಎಳೆಗೆ ಇನ್ನೂ ಮೀಥೈಲ್ ಗುರುತು ಬಿದ್ದಿಲ್ಲ ಎಂಬುದೇ ಅದಕ್ಕೆ ಸುಳಿವು. ಇತ್ತ ಓಡುತ್ತಿರುವ ನಕಲು ಯಂತ್ರವೇ ಹೆಚ್‌ಡಿಎ ಎಂಬ ಸಹಾಯಕನ ಮೂಲಕ ಡಿಎನ್ಎ-ಎ ಕಚ್ಚಿಕೊಂಡಿರುವ ಎಟಿಪಿಯನ್ನು ಮುರಿಸಿ ಅದನ್ನು ಮಂಕಾಗಿಸುತ್ತದೆ. ನಕಲು ನಡೆಯುತ್ತಿದೆ ಎಂಬ ಸಂಗತಿಯೇ ಹೊಸ ನಕಲಿಗೆ ತಡೆಯಾಗುತ್ತದೆ. ಈ ಜೋಡಣೆಯಲ್ಲಿ ಗಡಿಯಾರದ ಹಾಗೆ ಟಿಕ್ ಟಿಕ್ ಎನ್ನುವ ಭಾಗ ಯಾವುದೂ ಇಲ್ಲ, ಇರುವುದು ಶೇಖರಣೆ ಮತ್ತು ವ್ಯಯ ಮಾತ್ರ.

ಇಲ್ಲಿಯವರೆಗಿನ ಮಾತೆಲ್ಲ ಕೋಟಿಗಟ್ಟಲೆ ಕೋಶಗಳ ಸರಾಸರಿಯದು. ಸರಾಸರಿ ಎಷ್ಟೇ ಅಚ್ಚುಕಟ್ಟಾಗಿದ್ದರೂ ಬಿಡಿ ಬಿಡಿ ಕೋಶಗಳು ಹಾಗಿರುವುದಿಲ್ಲ. ಒಂದು ತುಸು ಉದ್ದ ಹುಟ್ಟುತ್ತದೆ, ಒಂದು ಗಿಡ್ಡ. ಉದ್ದವಾಗಿ ಹುಟ್ಟಿದ್ದು ತನ್ನ ವಂಶಕ್ಕೆಲ್ಲ ಉದ್ದವನ್ನೇ ಕೊಡುತ್ತ ಹೋಗದೆ ಸರಿದಾರಿಗೆ ಬರುವುದು ಹೇಗೆ? ಎರಡು ಉತ್ತರಗಳು ಬಹುಕಾಲ ಚಾಲ್ತಿಯಲ್ಲಿದ್ದವು. ಕೋಶ ಗೊತ್ತಾದ ಉದ್ದ ಮುಟ್ಟಿದಾಗ ಸೀಳುತ್ತದೆ ಎಂಬುದು ಒಂದು. ಗೊತ್ತಾದ ಸಮಯ ಕಳೆದಾಗ ಸೀಳುತ್ತದೆ ಎಂಬುದು ಇನ್ನೊಂದು. ಸಮಯದ ವಾದದಲ್ಲಿ ಒಂದು ತೊಡಕಿದೆ. ಕೋಶ ಬೆಳೆಯುವುದು ಚಕ್ರಬಡ್ಡಿಯ ರೀತಿ. ಇಮ್ಮಡಿಯಾಗಲು ಎಲ್ಲಕ್ಕೂ ಒಂದೇ ಸಮಯ ಸಾಕು ಅಂದರೆ, ಒಂದೂವರೆ ಪಟ್ಟು ಉದ್ದ ಹುಟ್ಟಿದ ಕೋಶದ ಮರಿಯೂ ಒಂದೂವರೆ ಪಟ್ಟು ಉದ್ದವೇ ಹುಟ್ಟುತ್ತದೆ, ತಪ್ಪು ತಿದ್ದುಪಡಿಯಾಗುವುದೇ ಇಲ್ಲ.

ವಿವಾದ ಬಗೆಹರಿಸಲು ಒಂದೊಂದೇ ಕೋಶವನ್ನು ತಲೆಮಾರುಗಟ್ಟಲೆ ನೋಡುತ್ತ ಕೂರಬೇಕಿತ್ತು. 2010ರಲ್ಲಿ ಸುಕ್‌ಜೂನ್ ಜುನ್ ಮತ್ತು ಸಂಗಡಿಗರು ಅದಕ್ಕೊಂದು ಸಾಧನ ಮಾಡಿದರು. ಸಿಲಿಕೋನ್ ಅಚ್ಚಿನಲ್ಲಿ ಬ್ಯಾಕ್ಟೀರಿಯಾದಷ್ಟೇ ಅಗಲದ ಸಾವಿರಾರು ಓಣಿಗಳು, ಒಂದು ತುದಿ ಮುಚ್ಚಿರುತ್ತದೆ, ಇನ್ನೊಂದು ತುದಿಯಲ್ಲಿ ಪೋಷಕ ದ್ರವ ಹರಿಯುತ್ತಿರುತ್ತದೆ. ಮುಚ್ಚಿದ ತುದಿಯಲ್ಲಿ ಕೂತ ಕೋಶ ಅಲ್ಲೇ ಇರುತ್ತದೆ. ಅದು ಹೆತ್ತ ಮರಿಗಳು ಸಾಲಾಗಿ ಹೊರಗೆ ತಳ್ಳಿಸಿಕೊಂಡು ಹೊಳೆಪಾಲಾಗುತ್ತವೆ. ಹೆಸರು ‘ಮದರ್ ಮಶೀನ್’. (ಈ ವಿಜ್ಞಾನಿಗಳಿಗೆ ಯಂತ್ರಕ್ಕೆ ಹೆಸರಿಡುವಾಗ ಸಂಸಾರ ಬಿಟ್ಟು ಬೇರೇನೂ ತೋಚುವುದಿಲ್ಲವೇನೋ.) ಒಂದೇ ತಾಯಿಯ ಮೇಲೆ ನೂರಾರು ತಲೆಮಾರು ಕಣ್ಣಿಡಲು ಇದರಿಂದ ಸಾಧ್ಯವಾಯಿತು.

2014-15ರ ಹೊತ್ತಿಗೆ ಮೂರು ಗುಂಪುಗಳು ಹೆಚ್ಚುಕಡಿಮೆ ಒಂದೇ ಕಡೆಗೆ ಬಂದು ಸೇರಿದವು. ಆರಿಯಲ್ ಅಮೀರ್ ಗಣಿತದಿಂದ. ಯೇಲ್ ವಿಶ್ವವಿದ್ಯಾಲಯದ ಕ್ರಿಸ್ಟೀನ್ ಜೇಕಬ್ಸ್-ವ್ಯಾಗ್ನರ್ ಅವರ ತಂಡ ಸೂಕ್ಷ್ಮದರ್ಶಕದಿಂದ. ಆ ವೇಳೆಗೆ ಸ್ಯಾನ್ ಡಿಯೇಗೊದಲ್ಲಿದ್ದ ಜುನ್ ತಂಡ ಮದರ್ ಮಶೀನಿನಿಂದ. ಅವರು ಕಂಡದ್ದು ಹಳೆಯ ಎರಡು ಉತ್ತರಗಳಲ್ಲಿ ಯಾವುದೂ ಅಲ್ಲ. ಕೋಶ ಎಷ್ಟು ಉದ್ದ ಹುಟ್ಟಿದರೂ, ಸೀಳುವ ಮುನ್ನ ಒಂದೇ ಅಳತೆಯ ಉದ್ದವನ್ನು ಸೇರಿಸಿಕೊಳ್ಳುತ್ತದೆ. ಆ ಅಳತೆ 2 ಮೈಕ್ರೋಮೀಟರ್ ಅಂದುಕೊಳ್ಳಿ. 3 ಮೈಕ್ರೋಮೀಟರ್ ಹುಟ್ಟಿದ್ದು 5ಕ್ಕೆ ಬೆಳೆದು ಸೀಳಿದರೆ ಮರಿ 2.5. ಅದು 4.5 ಆಗಿ ಸೀಳಿದರೆ 2.25. ಮುಂದಿನದು 2.125. ಗಿಡ್ಡ ಹುಟ್ಟಿದ 1.4 ಇದೆಯಲ್ಲ, ಅದು 3.4 ಆಗಿ 1.7ಕ್ಕೆ, 3.7 ಆಗಿ 1.85ಕ್ಕೆ ಬರುತ್ತದೆ. ಎರಡೂ ಕಡೆಯಿಂದ ತಪ್ಪು ತಲೆಮಾರಿಗೆ ಅರ್ಧದಷ್ಟು ಕರಗುತ್ತ 2ರ ಹತ್ತಿರ ಬಂದು ನಿಲ್ಲುತ್ತದೆ. ಎಷ್ಟು ಉದ್ದ ಹುಟ್ಟಿದೆ ಎಂದು ಕೋಶಕ್ಕೆ ಗೊತ್ತಿರಬೇಕಾಗಿಯೇ ಇಲ್ಲ. ಇ. ಕೋಲಿ ಮಾತ್ರವಲ್ಲ, ಅದರಿಂದ ನೂರು ಕೋಟಿ ವರ್ಷಗಳಿಗೂ ಹಿಂದೆ ಬೇರೆಯಾದ ಬ್ಯಾಸಿಲಸ್ ಸಬ್ಟಿಲಿಸ್ ಕೂಡ ಇದೇ ಪಾಠ ಒಪ್ಪಿಸುತ್ತದೆ.

‘ಇಷ್ಟನ್ನು ಸೇರಿಸಿಕೋ’ ಎಂಬ ಈ ನಿಯಮವನ್ನು ಅಣುಗಳು ಪಾಲಿಸುವುದು ಹೇಗೆ? ಕೋಶದ ನಡುವಿಗೆ ಉಂಗುರವಾಗಿ ಸುತ್ತಿಕೊಂಡು ಗೋಡೆ ಕಟ್ಟುವವರನ್ನು ಕರೆತರುವ ಪ್ರೋಟೀನ್ ಒಂದಿದೆ, ಎಫ್‌ಟಿಎಸ್-ಝಡ್. ಅರ್ಫೈ ಬಿ ಮತ್ತು ಜೋ ಲುಟ್ಕೆನ್‌ಹೌಸ್ 1991ರಲ್ಲಿ ಈ ಉಂಗುರವನ್ನು ಕಂಡರು. ಉಂಗುರ ಸರಿಯಾಗಿ ನಡುವಿನಲ್ಲೇ ಕೂರುವಂತೆ ನೋಡಿಕೊಳ್ಳುವ ಮಿನ್ ಪ್ರೋಟೀನುಗಳು ಕೋಶದ ಒಂದು ತುದಿಯಿಂದ ಇನ್ನೊಂದಕ್ಕೆ ನಿಮಿಷದ ಆಸುಪಾಸಿನಲ್ಲಿ ಅಲೆದಾಡುತ್ತಲೇ ಇರುತ್ತವೆ. ಅದೇ ಒಂದು ಪ್ರತ್ಯೇಕ ಕಥೆ. ನಮಗೆ ಈಗ ಬೇಕಾದದ್ದು ಉಂಗುರದ ಲೆಕ್ಕ. ಉಂಗುರ ಪೂರ್ತಿಯಾಗಲು ಇಂತಿಷ್ಟು ಅಣುಗಳು ಬೇಕು ಅನ್ನೋಣ. ಕೋಶ ಸೀಳಿದಾಗ ಉಂಗುರದ ಅಣುಗಳು ಎರಡು ಮರಿಗಳಿಗೂ ಅರ್ಧರ್ಧ ಹೋಗುತ್ತವೆ, ಮರಿ ಉದ್ದವಿರಲಿ ಗಿಡ್ಡವಿರಲಿ. ಉಳಿದರ್ಧವನ್ನು ಅದು ಹೊಸದಾಗಿ ತಯಾರಿಸಬೇಕು. ಮೈ ಬೆಳೆದಷ್ಟೇ ಪ್ರಮಾಣದಲ್ಲಿ ಈ ಪ್ರೋಟೀನೂ ತಯಾರಾಗುವುದಾದರೆ, ಅರ್ಧ ಉಂಗುರಕ್ಕೆ ಬೇಕಾದ ಅಣುಗಳು ಅಂದರೆ ಗೊತ್ತಾದಷ್ಟು ಹೊಸ ಮೈ. 2019ರಲ್ಲಿ ಜುನ್ ತಂಡ ಈ ಪ್ರೋಟೀನಿನ ತಯಾರಿಯನ್ನು ಬೇಕೆಂದೇ ಏರಿಳಿಸಿ ನೋಡಿತು. ಸೇರಿಸಿಕೊಳ್ಳುವ ನಿಯಮ ಮುರಿದುಬಿತ್ತು, ಡಿಎನ್‌ಎ ನಕಲಿನ ಆರಂಭ ಮಾತ್ರ ತನ್ನ ಪಾಡಿಗೆ ನಡೆಯಿತು.

ಹಾಗಾದರೆ ಸೀಳುವ ಹೊತ್ತನ್ನು ನಿರ್ಧರಿಸುವುದು ನಕಲಿನ ಆರಂಭವೋ, ಉಂಗುರದ ಲೆಕ್ಕವೋ? ಈ ಪ್ರಶ್ನೆಯ ಮೇಲೆ ಈ ಕ್ಷೇತ್ರದವರು ಇವತ್ತಿಗೂ ಜಗಳವಾಡುತ್ತಿದ್ದಾರೆ. ಹೆಲ್ಮ್‌ಸ್ಟೆಟರ್-ಕೂಪರ್ ಪ್ರಕಾರ ಆರಂಭದ ಗಳಿಗೆಯೇ ಸೀಳುವ ಗಳಿಗೆಯನ್ನೂ ಗೊತ್ತುಮಾಡಿದಂತೆ. ಸ್ವೀಡನ್ನಿನ ಉಪ್ಸಾಲಾದ ಒಂದು ಗುಂಪು 2016ರಲ್ಲಿ ಆ ಕಡೆಗೇ ವಾಲಿತು. 2019ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನ ಒಂದು ಗುಂಪು, ಮುಂದಿನ ನಕಲು ಮತ್ತು ಸೀಳುವಿಕೆ ಎರಡೂ ನಕಲಿನ ಆರಂಭದಿಂದಲೇ ಲೆಕ್ಕ ಶುರುಮಾಡುತ್ತವೆ ಎಂದು ಬರೆಯಿತು. ಜುನ್ ತಂಡ ಒಪ್ಪಲಿಲ್ಲ, ಅವೇ ಅಂಕಿಅಂಶಗಳನ್ನು ಮತ್ತೆ ಲೆಕ್ಕಹಾಕಿ ಎರಡೂ ಸ್ವತಂತ್ರ ಎಂದಿತು. ಎರಡೂ ಸ್ವತಂತ್ರವಾಗಿ ಓಡುತ್ತವೆ, ಯಾವುದು ತಡವೋ ಅದಕ್ಕೆ ಕೋಶ ಕಾಯುತ್ತದೆ ಎಂಬ ಮಧ್ಯಸ್ಥಿಕೆಯ ವಾದವೂ ಇದೆ. ನನಗೆ ಈ ಕೊನೆಯದು ಸಹಜ ಅನ್ನಿಸುತ್ತದೆ. ಆಹಾರ ಸಮೃದ್ಧವಾಗಿದ್ದಾಗ ಒಂದು, ಬರಗಾಲದಲ್ಲಿ ಇನ್ನೊಂದು ಹಿಡಿತ ಸಾಧಿಸುವುದು ಕೋಟ್ಯಂತರ ವರ್ಷ ಹಸಿವು ಕಂಡ ಜೀವಿಗೆ ಒಪ್ಪುವ ಸ್ವಭಾವ. ತೀರಾ ನಿಧಾನವಾಗಿ ಬೆಳೆಯುವಾಗ ಇ. ಕೋಲಿ ಕೂಡ ಸೇರಿಸುವ ನಿಯಮ ಸಡಿಲಿಸಿ, ಗೊತ್ತಾದ ಗಾತ್ರಕ್ಕೆ ಸೀಳುವ ಹಳೆಯ ಮಾದರಿಯತ್ತ ಜಾರುವುದನ್ನು ಉಪ್ಸಾಲಾದವರೇ ಕಂಡಿದ್ದಾರೆ. 40 ಮತ್ತು 20 ನಿಮಿಷಗಳ ಅಂಕಿಗಳೂ ಆ ಬಡತನದಲ್ಲಿ ಉದ್ದಕ್ಕೆ ಎಳೆದುಕೊಳ್ಳುತ್ತವೆ.

ಆಹಾರದ ಸುದ್ದಿ ಉಂಗುರಕ್ಕೆ ನೇರವಾಗಿ ಮುಟ್ಟುವ ದಾರಿಗಳೂ ಇವೆ. ಬ್ಯಾಸಿಲಸ್‌ನಲ್ಲಿ ಯುಜಿಟಿ-ಪಿ ಎಂಬ ಕಿಣ್ವ ಕೋಶದೊಳಗೆ ಸಕ್ಕರೆ ಸಮೃದ್ಧವಾಗಿದ್ದಾಗ ಉಂಗುರ ಕೂಡಿಕೊಳ್ಳದಂತೆ ಅಡ್ಡಗಾಲು ಹಾಕುತ್ತದೆ, ಕೋಶ ಇನ್ನಷ್ಟು ಬೆಳೆದೇ ಸೀಳುತ್ತದೆ. ಪೆಟ್ರಾ ಲೆವಿನ್ ಅವರ ತಂಡ 2007ರಲ್ಲಿ ಇದನ್ನು ತೋರಿಸಿತು. ಇ. ಕೋಲಿಯಲ್ಲಿ ಇದೇ ಕೆಲಸಕ್ಕೆ ಬೇರೆಯದೇ ಪ್ರೋಟೀನ್ ಇದೆ. ಡಿಎನ್‌ಎಗೆ ಪೆಟ್ಟಾದಾಗಲಂತೂ ಸುಲ್-ಎ ಎಂಬುದು ಎಫ್‌ಟಿಎಸ್-ಝಡ್ ಅನ್ನು ಹಿಡಿದು ನಿಲ್ಲಿಸಿಬಿಡುತ್ತದೆ: ಮುರಿದ ಡಿಎನ್‌ಎಯನ್ನು ಮಕ್ಕಳಿಗೆ ಹಂಚಬೇಡ, ಮೊದಲು ರಿಪೇರಿ ಮಾಡಿಕೋ. ಸೀಳದೆ ಬೆಳೆಯುತ್ತಲೇ ಹೋದ ಕೋಶ ದಾರದಂತೆ ಉದ್ದವಾಗುತ್ತದೆ. ಮೂತ್ರನಾಳದ ಸೋಂಕಿನಲ್ಲಿ ಇ. ಕೋಲಿ ಹೀಗೆ ದಾರವಾಗಿ ನಮ್ಮ ಬಿಳಿ ರಕ್ತಕಣಗಳ ಬಾಯಿಗೆ ಸಿಗದೆ ಉಳಿಯುವುದುಂಟು. ಸಿಪ್ರೋಫ್ಲಾಕ್ಸಸಿನ್ ಮಾತ್ರೆ ಬಿದ್ದಾಗಲೂ ಅದು ದಾರವಾಗುತ್ತದೆ, ಏಕೆಂದರೆ ಆ ಔಷಧದಿಂದ ಡಿಎನ್‌ಎಯೇ ತುಂಡಾಗುತ್ತದೆ. ಸೆಫಲೆಕ್ಸಿನ್ ಕೊಟ್ಟಾಗಲೂ ದಾರವೇ, ಕಾರಣ ಮಾತ್ರ ಬೇರೆ: ನಡುಗೋಡೆ ಕಟ್ಟುವ ಕಿಣ್ವಕ್ಕೇ ಅದು ಕೈಹಾಕುತ್ತದೆ.

ಆದರೆ ಗಾತ್ರದ ಲೆಕ್ಕ ಔಷಧಿಯ ಲೆಕ್ಕವನ್ನು ತಲೆಕೆಳಗು ಮಾಡುವುದು ಕ್ಷಯದ ವಂಶದ ಬ್ಯಾಕ್ಟೀರಿಯಾಗಳಲ್ಲಿ. ಕ್ಷಯದ ರೋಗಾಣು ಎರಡಾಗಲು ಹೆಚ್ಚುಕಡಿಮೆ ಒಂದು ದಿನ ತೆಗೆದುಕೊಳ್ಳುತ್ತದೆ. ಈ ವಂಶದವು ಇ. ಕೋಲಿಯ ಹಾಗೆ ಮೈಪೂರ್ತಿ ಬೆಳೆಯುವುದಿಲ್ಲ, ತುದಿಗಳಲ್ಲಿ ಬೆಳೆಯುತ್ತವೆ. ಅದರಲ್ಲೂ ಹಳೆಯ ತುದಿ ಮುಂದು, ಹೊಸದಾಗಿ ಸೀಳಿ ಉಂಟಾದ ತುದಿ ಹಿಂದು. ಹಾಗಾಗಿ ಒಂದೇ ತಾಯಿಯ ಎರಡು ಮರಿಗಳು ಗಾತ್ರದಲ್ಲೂ ಬೆಳೆಯುವ ವೇಗದಲ್ಲೂ ಬೇರೆ ಬೇರೆ. ಕ್ಷಯಾಣುವಿನ ನಿರುಪದ್ರವಿ ದಾಯಾದಿಯಲ್ಲಿ 2012ರಲ್ಲಿ ನಡೆದ ಪ್ರಯೋಗ, ಔಷಧದ ಏಟೂ ಅವೆರಡಕ್ಕೆ ಒಂದೇ ತೆರನಾಗಿ ತಗಲುವುದಿಲ್ಲ ಎಂದು ತೋರಿಸಿತು. 2017ರಲ್ಲಿ ಇನ್ನೊಂದು ಗುಂಪು ಈ ಅಸಮತೆಯನ್ನು ಕಾಪಾಡುವ ಲ್ಯಾಮ್-ಎ ಎಂಬ ಜೀನನ್ನು ಕಿತ್ತುಹಾಕಿತು. ಎರಡೂ ತುದಿಗಳು ಹೆಚ್ಚು ಸಮನಾಗಿ ಬೆಳೆಯತೊಡಗಿದವು, ಮರಿಗಳ ನಡುವಿನ ವ್ಯತ್ಯಾಸ ಕುಗ್ಗಿತು, ಮತ್ತು ಕ್ಷಯದ ಮುಖ್ಯ ಔಷಧಗಳಲ್ಲೊಂದಾದ ರಿಫಾಂಪಿಸಿನ್ ಆ ಕೋಶಗಳನ್ನು ಮೊದಲಿಗಿಂತ ಬೇಗ ಕೊಂದಿತು.